ಯುದ್ಧದ ಸುದ್ದಿ ಬರೆದವರು ಯಾರು?

ಭಾಗ 1/10

ಹೋದ ವಾರ ಶಿಕಾರಿಪುರ ಬಸ್ ಸ್ಟ್ಯಾಂಡಲ್ಲಿ ಕೂತು ನಾವು ನಾಲ್ಕು ಜನ ಒಂದೇ ಮೊಬೈಲಲ್ಲಿ ರೀಲ್ಸ್ ನೋಡ್ತಾ ಇದ್ವಿ. ಕಪ್ಪು ಡ್ರೆಸ್ ಹಾಕಿದ ಕಮಾಂಡೋಗಳು, ರಾತ್ರಿಯಲ್ಲೂ ಕಾಣೋ ಕನ್ನಡಕ, ಕೈಯಲ್ಲಿ ಯಾವುದೋ ಹೊಸ ರೈಫಲ್, ಹಿಂದೆ ಜೋರು ಮ್ಯೂಸಿಕ್. ಮೂವತ್ತು ಸೆಕೆಂಡ್, ಮೈ ಜುಮ್ ಅಂತು. ನಮ್ಮಲ್ಲಿ ಇಬ್ಬರು ಅಗ್ನಿವೀರ್ ರ‍್ಯಾಲಿಗೆ ಅಂತ ದಿನಾ ಬೆಳಗ್ಗೆ ಐದಕ್ಕೆ ಎದ್ದು ಓಡ್ತಾರೆ. ಅವರಿಗಂತೂ ಕಣ್ಣು ಮುಚ್ಚೋಕೂ ಮನಸ್ಸಿಲ್ಲ.

ಆಗ ಅವರಲ್ಲೊಬ್ಬ ಕೇಳ್ದ: "ಇದನ್ನ ಹಾಕಿದವರು ಯಾರೋ? ಇವರಿಗೆ ಹೇಗೆ ಗೊತ್ತು?"

ನಮಗ್ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪೇಜಲ್ಲಿ ಹೆಸರಿಲ್ಲ, ಊರಿಲ್ಲ. ಆ ಬಂದೂಕು ತಯಾರಿಸೋ ಕಂಪನಿಯೇ ಹಾಕಿದ್ದೋ, ಯಾರೋ ಅಭಿಮಾನಿ ಹಾಕಿದ್ದೋ, ನಿಜವಾಗಿ ಹೋಗಿ ನೋಡಿದವರು ಹಾಕಿದ್ದೋ ಗೊತ್ತಾಗಲ್ಲ.

ಅವನ ಪ್ರಶ್ನೆ ತಲೇಲೇ ಉಳೀತು. ಯಾಕಂದ್ರೆ ಯುದ್ಧ, ಯೋಧರು, ಆಯುಧ ಇವುಗಳ ಬಗ್ಗೆ ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಒಂದೂವರೆ ಸಾವಿರ ವರ್ಷದಿಂದ ಬರೀತಾನೇ ಬಂದಿದ್ದಾರೆ. ಕಾಗದದ ಮೇಲಲ್ಲ, ಕಲ್ಲಿನ ಮೇಲೆ. ಆ ಬರಹಗಳಿಗೂ ಅದೇ ಪ್ರಶ್ನೆ ಕೇಳಬಹುದಲ್ವಾ?

ಈ ಸರಣಿ ಪೂರ್ತಿ ನಾಲ್ಕೇ ಪ್ರಶ್ನೆ ಕೇಳ್ತೀನಿ:
➤ ಹೇಳ್ತಿರೋದು ಯಾರು?
➤ ಅವರಿಗೆ ಅನ್ನ ಹಾಕಿದ್ದು ಯಾರು?
➤ ಕಣ್ಣಾರೆ ಕಂಡಿದ್ದಾ, ಕೇಳಿದ್ದಾ?
➤ ಸತ್ತವರ ಹೆಸರು ಇದೆಯಾ?

ಸೇವ್ ಮಾಡ್ಕೊಳ್ಳಿ. ಮುಂದಿನ ಭಾಗ ತಾಳಗುಂದದಿಂದ.

———

ಭಾಗ 2/10
ಫೋಟೋ: ತಾಳಗುಂದದ ಕಂಬ

ಸ್ಕೂಲ್ ಟ್ರಿಪ್ಪಲ್ಲಿ ಎಲ್ಲರೂ ಹೋಗಿರ್ತೀವಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರೋ ಕಲ್ಲಿನ ಕಂಬ. ಮೇಷ್ಟ್ರು "ಕದಂಬರ ಶಾಸನ" ಅಂದ್ರು, ನಾವು ತಲೆ ಆಡಿಸಿ ಗ್ರೂಪ್ ಫೋಟೋ ತೆಗೆಸ್ಕೊಂಡು ಬಂದ್ವಿ.

ಆದ್ರೆ ಅದರಲ್ಲಿರೋ ಕತೆ ಸಿನಿಮಾ ತರ ಇದೆ. ಮಯೂರಶರ್ಮ ಅನ್ನೋ ತಾಳಗುಂದದ ಹುಡುಗ ಗುರು ವೀರಶರ್ಮನ ಜೊತೆ ಓದೋಕೆ ಅಂತ ಕಂಚಿಗೆ ಹೋಗ್ತಾನೆ. ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನ ಜೊತೆ ಜಗಳ ಆಗುತ್ತೆ. ಅವಮಾನ ತಡೀಲಾರದೆ ದರ್ಭೆ ಹಿಡೀತಿದ್ದ ಕೈಯಲ್ಲಿ ಕತ್ತಿ ಹಿಡೀತಾನೆ. ಪಲ್ಲವರ ಗಡಿ ಕಾಯೋರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರ್ಕೊಳ್ತಾನೆ. ದೊಡ್ಡ ಸೈನ್ಯ ಬಂದ್ರೂ ಕಾಡಲ್ಲಿ ಅವನನ್ನು ಹಿಡಿಯೋಕಾಗಲ್ಲ. ಬಾಣರಿಂದ ಕಪ್ಪ ವಸೂಲಿ ಮಾಡ್ತಾನೆ. ಕೊನೆಗೆ ಪಲ್ಲವರೇ ರಾಜಿಗೆ ಬಂದು ಅವನಿಗೆ ರಾಜ್ಯ ಒಪ್ಪಿಸ್ತಾರೆ.

ಇವತ್ತಿನ ಮಾತಲ್ಲಿ ಹೇಳೋದಾದ್ರೆ ಗೆರಿಲ್ಲಾ ಯುದ್ಧ. ಸಣ್ಣ ತುಕಡಿ, ಗೊತ್ತಿರೋ ಕಾಡು, ತಟ್ಟನೆ ದಾಳಿ, ತಟ್ಟನೆ ಮಾಯ. ಈಗಿನ ವಿಶೇಷ ಪಡೆಗಳೂ ಕಲಿಯೋದು ಇದನ್ನೇ.

ಈಗ ನಮ್ಮ ಪ್ರಶ್ನೆಗೆ ಬರೋಣ. ಹೇಳಿದ್ದು ಯಾರು? ಕುಬ್ಜ ಅನ್ನೋ ಕವಿ. ತಾನೇ ಬರೆದು ತಾನೇ ಕಲ್ಲಿನ ಮೇಲೆ ಮೂಡಿಸ್ದೆ ಅಂತ ಹೇಳ್ಕೊಂಡಿದ್ದಾನೆ. ಅನ್ನ ಹಾಕಿದ್ದು ಯಾರು? ಕದಂಬ ರಾಜ ಶಾಂತಿವರ್ಮ, ಮಯೂರನಿಂದ ನಾಲ್ಕನೇ ತಲೆಮಾರು. ಕಣ್ಣಾರೆ ಕಂಡಿದ್ದಾ? ಇಲ್ಲ. ಯುದ್ಧ ನಡೆದಿದ್ದು 4ನೇ ಶತಮಾನದಲ್ಲಿ, ಕಂಬ ನಿಂತಿದ್ದು 5ನೇ ಶತಮಾನದಲ್ಲಿ.

ಸತ್ತವರ ಹೆಸರು? ಒಂದೂ ಇಲ್ಲ. ಮಯೂರನ ಜೊತೆ ಕಾಡಲ್ಲಿ ಎಷ್ಟು ಜನ ಇದ್ರು, ಅವರು ಯಾವ ಊರಿನೋರು, ಎಷ್ಟು ಜನ ವಾಪಸ್ ಬಂದ್ರು, ಏನೂ ಇಲ್ಲ.

ಹಾಗಂತ ಕುಬ್ಜ ಸುಳ್ಳು ಹೇಳ್ದ ಅಂತಲ್ಲ. ಇದು ಅರಮನೆಯ ಸುದ್ದಿ, ಅಷ್ಟೇ. ಮನೆಯೋರೇ ಬರೆದ ಮನೆತನದ ಕತೆ.

———

ಭಾಗ 3/10
ಫೋಟೋ: ಬಳ್ಳಿಗಾವಿ, ಕೇದಾರೇಶ್ವರ ದೇವಸ್ಥಾನದ ಆವರಣ

ಈಗ ಊರಿನವರು ಬರೆದ ಸುದ್ದಿ ನೋಡೋಣ. ವೀರಗಲ್ಲು.

ನಮ್ಮ ಎರಡೂ ತಾಲ್ಲೂಕಲ್ಲಿ ವೀರಗಲ್ಲಿಲ್ಲದ ಊರು ಹುಡುಕೋದೇ ಕಷ್ಟ. ಕೆರೆ ಏರಿ ಮೇಲೆ, ದೇವಸ್ಥಾನದ ಹಿಂದೆ, ಗದ್ದೆ ಬದುವಲ್ಲಿ, ಬಸ್ ಸ್ಟಾಪಲ್ಲಿ. ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅನ್ನೋ ಅಧಿಕಾರಿ ಮೈಸೂರು ರಾಜ್ಯದ ಶಾಸನಗಳನ್ನೆಲ್ಲ ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳನ್ನು ತಂದ್ರು. ಶಿಕಾರಿಪುರ 7ನೇ ಸಂಪುಟದಲ್ಲಿದೆ (1902), ಸೊರಬ 8ನೇ ಸಂಪುಟದಲ್ಲಿದೆ (1904). ನಮ್ಮ ಊರುಗಳ ನೂರಾರು ಕಲ್ಲುಗಳು ಅದರಲ್ಲಿವೆ.

ವೀರಗಲ್ಲು ಓದೋದು ಸುಲಭ. ಆದ್ರೆ ಪುಸ್ತಕದ ತರ ಮೇಲಿಂದ ಅಲ್ಲ, ಕೆಳಗಿಂದ ಮೇಲಕ್ಕೆ ಓದಬೇಕು.

▪ ಕೆಳಗಿನ ಪಟ್ಟಿ: ಜಗಳ. ವೀರ ಬಿಲ್ಲು ಎಳೀತಿರ್ತಾನೆ, ಇಲ್ಲಾ ಕತ್ತಿ ಗುರಾಣಿ ಹಿಡಿದಿರ್ತಾನೆ. ಎದುರಿಗೆ ಶತ್ರುಗಳು. ಒಂದೊಂದು ಕಡೆ ಪಕ್ಕದಲ್ಲಿ ದನಗಳು.
▪ ನಡುವಿನ ಪಟ್ಟಿ: ಸತ್ತವನನ್ನು ಅಪ್ಸರೆಯರು ಎರಡೂ ಕಡೆ ಹಿಡ್ಕೊಂಡು ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ.
▪ ಮೇಲಿನ ಪಟ್ಟಿ: ಶಿವಲೋಕ. ಲಿಂಗ, ನಂದಿ, ಪೂಜಾರಿ, ಪಕ್ಕದಲ್ಲಿ ಕೈಮುಗಿದು ಕೂತ ವೀರ. ಜೈನ ಮನೆತನದವನಾದ್ರೆ ಅಲ್ಲಿ ಜಿನ ಇರ್ತಾನೆ.

ಪಟ್ಟಿಗಳ ನಡುವಿನ ಅಂಚಲ್ಲಿ ಹಳಗನ್ನಡದ ಸಾಲು. ಯಾವ ರಾಜ ಆಳ್ತಿದ್ದ, ಶಕವರ್ಷ ಯಾವುದು, ಯಾವ ಊರಲ್ಲಿ ಏನಾಯ್ತು, ಯಾರು ಸತ್ತ, ಯಾರ ಮಗ, ಕಲ್ಲು ನಿಲ್ಲಿಸಿದ್ದು ಯಾರು.

ಯಾರು, ಯಾವಾಗ, ಎಲ್ಲಿ, ಏನು, ಯಾಕೆ. ಪತ್ರಿಕೋದ್ಯಮ ಕ್ಲಾಸಲ್ಲಿ ಮೊದಲ ದಿನ ಹೇಳಿಕೊಡೋದು ಇದನ್ನೇ ಅಂತೆ. ನಮ್ಮ ಊರಿನ ಕಲ್ಲುಕುಟಿಗನಿಗೆ ಸಾವಿರ ವರ್ಷದ ಹಿಂದೇನೇ ಗೊತ್ತಿತ್ತು.

———

ಭಾಗ 4/10
ಫೋಟೋ: ಕೆಳಗಿನ ಪಟ್ಟಿ, ಹತ್ತಿರದಿಂದ

ಆಯುಧ ಪ್ರಿಯರಿಗೆ ಈ ಭಾಗ 😄

ಝೂಮ್ ಮಾಡಿ ನೋಡಿ. ಬೆನ್ನಿಗೆ ಬತ್ತಳಿಕೆ. ಸೊಂಟದ ಪಟ್ಟಿಗೆ ಸಿಕ್ಕಿಸಿದ ಸಣ್ಣ ಬಾಕು, ಅದಕ್ಕೆ ಸುರಿಗೆ ಅಂತಾರೆ. ಕೈಯಲ್ಲಿ ಗುರಾಣಿ, ಕೆಲವದು ದುಂಡಗೆ, ಕೆಲವದು ಉದ್ದಕ್ಕೆ. ಕುದುರೆ ಇದ್ರೆ ಜೀನು, ಕಡಿವಾಣ. ಕೂದಲನ್ನು ಗಂಟು ಕಟ್ಟಿರೋ ರೀತಿ, ಕಚ್ಚೆ ಕಟ್ಟಿರೋ ರೀತಿ. ಆ ಕಾಲದ ಯೋಧ ಏನು ಹಿಡೀತಿದ್ದ, ಏನು ತೊಡ್ತಿದ್ದ ಅಂತ ತಿಳ್ಕೊಳ್ಳೋಕೆ ಇತಿಹಾಸಕಾರರು ಇಂಥ ಕಲ್ಲುಗಳನ್ನೇ ನೋಡ್ತಾರೆ. ಕಾವ್ಯದಲ್ಲಿ ವೀರನ ಬಾಣ ಆಕಾಶ ಮುಚ್ಚುತ್ತೆ. ಕಲ್ಲಲ್ಲಿ ಅವನ ಹತ್ರ ಇರೋದು ಒಂದು ಬಿಲ್ಲು, ಒಂದು ಬಾಕು.

ಇನ್ನೊಂದು ಗಮನಿಸಿ. ಹೀರೋ ದೊಡ್ಡದಾಗಿರ್ತಾನೆ, ಶತ್ರುಗಳು ಚಿಕ್ಕದಾಗಿರ್ತಾರೆ. ಅವನೊಬ್ಬ, ಅವರು ನಾಲ್ಕೈದು ಜನ. ಇದು ಎಡಿಟಿಂಗ್! ಇವತ್ತಿನ ಥಂಬ್‌ನೇಲ್ ಇದ್ದ ಹಾಗೆ. ಹಾಗಾಗಿ ಆಯುಧವನ್ನು ನಂಬಬಹುದು, ಲೆಕ್ಕವನ್ನು ಹಾಗೇ ನಂಬೋಕಾಗಲ್ಲ.

ಆಗಲೂ ವಿಶೇಷ ಪಡೆಗಳು ಇದ್ವಾ? ಇದ್ವು. ಒಡೆಯನ ಜೊತೆಗೇ ಸಾಯ್ತೀನಿ ಅಂತ ಆಣೆ ಮಾಡಿದ ಯೋಧರಿಗೆ ವೇಳೆವಾಳಿಗಳು ಅಂತಿದ್ರು. ಹೊಯ್ಸಳರ ಕಾಲದಲ್ಲಿ ಇದೇ ಗರುಡ ಪದ್ಧತಿ ಆಯ್ತು. ಹಳೇಬೀಡಿನ ಹೊಯ್ಸಳೇಶ್ವರದ ಹತ್ತಿರ ಕುವರಲಕ್ಷ್ಮನ ಕಂಬ ಇದೆ. ಎರಡನೇ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಜೊತೆಗಿದ್ದ ಯೋಧರು ತಾವೂ ಪ್ರಾಣ ಕೊಟ್ರು. ಕಂಬದ ಮೇಲೆ ಕತ್ತಿ ಹಿಡಿದ ಆ ಗರುಡರ ಚಿತ್ರಗಳಿವೆ.

ಮೊದಲ ಸಲ ಕೇಳಿದಾಗ "ಅಬ್ಬಾ ಎಂಥ ನಿಷ್ಠೆ" ಅನ್ಸುತ್ತೆ. ಎರಡನೇ ಸಲ ಯೋಚಿಸಿದ್ರೆ ಹೊಟ್ಟೆ ಕಿವುಚುತ್ತೆ. ಆ ಯೋಧರ ಮನೇಲಿ ಏನಂದ್ರು? ಕಂಬದಲ್ಲಿ ಅದು ಇಲ್ಲ.

———

ಭಾಗ 5/10
ಫೋಟೋ: ದನಗಳ ಸಾಲು ಇರೋ ವೀರಗಲ್ಲು

ವೀರಗಲ್ಲಿನ ಯುದ್ಧ ಯಾತಕ್ಕೆ ನಡೀತಿತ್ತು ಗೊತ್ತಾ?

ಸಾಮ್ರಾಜ್ಯಕ್ಕಲ್ಲ. ಹೆಚ್ಚಾಗಿ ದನಕ್ಕೆ.

ತುರು ಅಂದ್ರೆ ಹಸು. ತುರುಗೋಳ್ ಅಂದ್ರೆ ದನ ಹೊಡ್ಕೊಂಡು ಹೋಗೋದು. ಪಕ್ಕದ ಸೀಮೆಯವರು ರಾತ್ರೋರಾತ್ರಿ ಬಂದು ಹಟ್ಟಿಯ ದನ ಹೊಡ್ಕೊಂಡು ಹೋಗ್ತಿದ್ರು. ಊರಿನ ಗಂಡಸರು ಬೆನ್ನಟ್ಟಿ, ಹೊಡೆದಾಡಿ, ದನ ಬಿಡಿಸ್ಕೊಂಡು ಬರ್ತಿದ್ರು. ಒಬ್ಬಿಬ್ಬರು ಬರ್ತಿರಲಿಲ್ಲ. ಇನ್ನೊಂದು ಊರಳಿವು, ಊರು ಸುಟ್ಟು ಹಾಳುಮಾಡುವಾಗ ನಡೆದ ಕಾಳಗ. ಮತ್ತೊಂದು ಪೆಣ್ಬುಯ್ಯಲ್, ಹೆಂಗಸರ ಮೇಲೆ ಕೈ ಹಾಕಿದಾಗ ನಡೆದ ಕಾಳಗ. ಗಡಿ ಜಗಳ ಬೇರೆ. ಹುಲಿ, ಹಂದಿ ಜೊತೆ ಹೋರಾಡಿ ಸತ್ತವರಿಗೂ ಕಲ್ಲುಗಳಿವೆ.

ಇವರು ಸಂಬಳದ ಸೈನಿಕರಲ್ಲ. ಗೌಡನ ಮಗ, ಗೋವಳ, ಒಕ್ಕಲು ಮನೆಯವನು. ಬೆಳಗ್ಗೆ ಗದ್ದೆ, ಸಂಜೆ ಕತ್ತಿ.

ಸತ್ತ ಮೇಲೆ ಏನು? ಇದಕ್ಕೆ ನಮ್ಮ ಹಳಗನ್ನಡದಲ್ಲಿ ಪದಗಳೇ ಇವೆ. ನೆತ್ತರುಗೊಡಗೆ ಅಂದ್ರೆ ರಕ್ತ ಚೆಲ್ಲಿದ್ದಕ್ಕೆ ಕೊಡೋ ಭೂಮಿ. ಬಾಳ್ಗಳ್ಚು ಅಂದ್ರೆ ಕತ್ತಿ ತೊಳೆದು ಕೊಟ್ಟ ಭೂಮಿ. ಕಲ್ನಾಡು ಅಂದ್ರೆ ಕಲ್ಲು ನಿಲ್ಲಿಸಿ ಕೊಟ್ಟ ಭೂಮಿ. ಸತ್ತವನ ಮನೆಯವರು ಉಪವಾಸ ಬೀಳಬಾರದು ಅಂತ ಊರು, ಅರಸ ಮಾಡಿದ ಏರ್ಪಾಡು. ಅದನ್ನು ಕಲ್ಲಲ್ಲಿ ಬರೆದಿದ್ದು ಯಾಕೆ? ನಾಳೆ ಯಾರೂ ಕಿತ್ಕೊಳ್ಳಬಾರದು ಅಂತ. ಹಾಳುಮಾಡಿದವನಿಗೆ ಪಾಪ ತಟ್ಟುತ್ತೆ ಅಂತ ಶಾಪ ಬೇರೆ!

ನಿಜ, ಊರಿನ ಕಲ್ಲೂ ಪೂರ್ತಿ ನಿಷ್ಪಕ್ಷಪಾತ ಅಲ್ಲ. ದನ ಕದಿಯೋಕೆ ಬಂದು ಸತ್ತವನ ಹೆಸರು ಅದರಲ್ಲಿ ಇರಲ್ಲ. ಅವನ ಊರಲ್ಲಿ ಅವನಿಗೂ ಒಂದು ಕಲ್ಲು ಇರಬಹುದು, ಅಲ್ಲಿ ನಮ್ಮೋರು ಚಿಕ್ಕದಾಗಿರ್ತಾರೆ. ಕಲ್ಲು ಕೆತ್ತಿಸೋಕೆ ಗತಿಯಿಲ್ಲದವರ ಮನೆ ಸಾವು ಎಲ್ಲೂ ಇಲ್ಲ.

ಆದ್ರೂ ತಾಳಗುಂದದ ಕಂಬದಲ್ಲಿ ಇಲ್ಲದ ಮೂರು ವಿಷಯ ಇಲ್ಲಿದೆ. ಸತ್ತವನ ಹೆಸರು, ಸತ್ತ ಕಾರಣ, ಅವನ ಮನೆಗೆ ಏನು ಸಿಕ್ತು ಅನ್ನೋ ಲೆಕ್ಕ.

———

ಭಾಗ 6/10
ಫೋಟೋ: ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ

ಒಂದೇ ಯುದ್ಧದ ಬಗ್ಗೆ ಎರಡೂ ಪಕ್ಷದವರು ಬರೆದಿದ್ರೆ? ಅಂಥ ಅದೃಷ್ಟ ನಮಗೆ ಒಂದು ಕಡೆ ಸಿಕ್ಕಿದೆ. ಅದಕ್ಕೆ ನಮ್ಮ ತಾಲ್ಲೂಕು ಬಿಟ್ಟು ಮಂಡ್ಯ ಜಿಲ್ಲೆಯ ಆತಕೂರಿಗೆ ಹೋಗಬೇಕು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಇದು ನಾಯಿಯ ಕಲ್ಲು. ಮಣಲೇರ ಅನ್ನೋ ಯೋಧ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಗಂಗರ ಬೂತುಗ "ಏನು ಬೇಕು ಕೇಳು" ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿ! ಆ ನಾಯಿ ಆಮೇಲೆ ಕಾಡುಹಂದಿ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು.

ಅದೇ ಕಲ್ಲಲ್ಲಿ 949ರ ತಕ್ಕೋಲ ಯುದ್ಧದ ಸುದ್ದಿಯೂ ಇದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ಬೂತುಗ ಹೋರಾಡಿ ಚೋಳರ ರಾಜಾದಿತ್ಯನನ್ನು ಕೊಂದ ಅಂತ. ಚೋಳರ ಕಡೆಯ ತಾಮ್ರಪಟದಲ್ಲೂ ರಾಜಾದಿತ್ಯ ಆನೆ ಮೇಲೆ ಕೂತಿದ್ದಾಗಲೇ ಸತ್ತ ಅಂತ ಇದೆ, ಆದ್ರೆ ಅಲ್ಲಿ ಅದು ಸೋಲಲ್ಲ, ವೀರಸ್ವರ್ಗ. ಎರಡೂ ಕಡೆಯವರು ಒಪ್ಪೋದು ಏನು ಅಂತ ನೋಡಿ: ಅವನು ಯುದ್ಧದಲ್ಲಿ ಆನೆ ಮೇಲೆ ಸತ್ತ. ಅದು ಗಟ್ಟಿ ಸುದ್ದಿ. ಉಳಿದಿದ್ದು ಅವರವರ ಬಣ್ಣ.

ಇನ್ನೂ ಒಂದು ಮಜಾ ಇದೆ. ಮೊದಲು ಈ ಕಲ್ಲನ್ನು ಓದಿದ ಫ್ಲೀಟ್ ಅನ್ನೋ ವಿದ್ವಾಂಸರು, ಬೂತುಗ ಅಪ್ಪಿಕೊಳ್ಳೋ ನೆಪದಲ್ಲಿ ಮೋಸದಿಂದ ಇರಿದ ಅಂತ ಅರ್ಥ ಮಾಡಿದ್ರು. ಕಳ್ಳ ಅನ್ನೋ ಪದ ಇದೆ ಅಂದ್ಕೊಂಡಿದ್ರು. ಮತ್ತೆ ಓದಿದಾಗ ಅದು ಕಳ, ಅಂದ್ರೆ ರಣರಂಗ. ಆನೆಯ ಅಂಬಾರಿಯನ್ನೇ ರಣರಂಗ ಮಾಡ್ಕೊಂಡು ಕೊಂದ ಅಂತ ಅರ್ಥ. ಅವರು ತಮ್ಮ ತಪ್ಪನ್ನು ತಾವೇ ತಿದ್ದಿ ಅಚ್ಚು ಹಾಕಿಸಿದ್ರು.

ಒಂದು ಒತ್ತಕ್ಷರಕ್ಕೆ ಒಬ್ಬ ಯೋಧ ಮೋಸಗಾರ ಆಗಿಬಿಟ್ಟಿದ್ದ. ತಪ್ಪಾಯ್ತು ಅಂತ ಬರೆಯೋದು ಎಷ್ಟು ದೊಡ್ಡ ಕೆಲಸ ನೋಡಿ. ರೀಲ್ಸ್ ಪೇಜುಗಳು ಯಾವತ್ತಾದ್ರೂ ತಿದ್ದುಪಡಿ ಹಾಕಿದ್ದು ನೋಡಿದ್ದೀರಾ?

———

ಭಾಗ 7/10
ಫೋಟೋ: ತುಕ್ಕು ಹಿಡಿದ ಕಬ್ಬಿಣದ ಕೊಳವೆ

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ಹೊಸನಗರ ತಾಲ್ಲೂಕಿನ ನಗರ, ಅಂದ್ರೆ ಹಳೇ ಬಿದನೂರು.

2018ರ ಜುಲೈನಲ್ಲಿ ಅಲ್ಲಿನ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ತು. 2002ರಲ್ಲೇ ಅದೇ ಬಾವಿಯಲ್ಲಿ ಒಂದಷ್ಟು ಸಿಕ್ಕಿದ್ವು, ಅವು ಏನು ಅಂತ ಗುರುತಿಸೋಕೆ ವರ್ಷಗಳೇ ಬೇಕಾಯ್ತು. ಎರಡನೇ ಸಲ ಪುರಾತತ್ವ ಇಲಾಖೆಯವರು ಅಗೆದಾಗ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಹೈದರ್, ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳು ಅವು.

ಆ ಕಾಲಕ್ಕೆ ಇದಕ್ಕಿಂತ ಹೊಸ ಆಯುಧ ಇಲ್ಲ. ಬೇರೆ ಕಡೆ ಬಾಣಬಿರುಸಿಗೆ ಕಾಗದ, ಬಿದಿರಿನ ಕೊಳವೆ. ಮೈಸೂರಿನೋರು ಕಬ್ಬಿಣದ ಕೊಳವೆ ಹಾಕಿದ್ರು. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತೆ, ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಹಾಗಾಗಿ ಒಂದು ಕಿಲೋಮೀಟರಿಗಿಂತಲೂ ದೂರ ಹೋಗ್ತಿತ್ತು. ಉದ್ದದ ಬಿದಿರು ಕಟ್ಟಿದ್ರೆ ದಿಕ್ಕು ನಿಲ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವು ಇಂಗ್ಲೆಂಡಿಗೆ ಹೋದ್ವು. ಅಲ್ಲಿ ಕಾಂಗ್ರೀವ್ ಅನ್ನೋವನು ಇವನ್ನು ನೋಡಿ ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಊರು ಅದರಿಂದ ಉರೀತು.

ಈ ಸೀಮೆಯ ಯುದ್ಧವನ್ನು ಕಣ್ಣಾರೆ ಕಂಡು ಬರೆದವರು ಇದ್ದಾರಾ? ಒಬ್ಬ ಇದ್ದಾನೆ. ಎಡ್ವರ್ಡ್ ಮೂರ್, ಕ್ಯಾಪ್ಟನ್ ಲಿಟಲ್‌ನ ಕಂಪನಿ ತುಕಡಿಯ ಲೆಫ್ಟಿನೆಂಟ್. ಮರಾಠರ ಪರಶುರಾಮ ಭಾವೂ ಜೊತೆ ಆ ತುಕಡಿ ಈ ಕಡೆ ಬಂತು. 1791ರ ಡಿಸೆಂಬರ್ 29ರಂದು ಶಿವಮೊಗ್ಗದ ಹತ್ತಿರ ಗಾಜನೂರಲ್ಲಿ ಟಿಪ್ಪು ಸೈನ್ಯದ ಜೊತೆ ಯುದ್ಧ. ಮೂರ್‌ಗೆ ಎರಡು ಗಾಯ ಆಯ್ತು. 1794ರಲ್ಲಿ ಲಂಡನ್ನಲ್ಲಿ ಆ ದಂಡಯಾತ್ರೆಯ ಪುಸ್ತಕ ಬರೆದ. ಗಾಯ ತಿಂದವನು ಬರೆದ ಸುದ್ದಿಗೆ ಬೆಲೆ ಇದೆ. ಆದ್ರೆ ಅವನು ಒಂದು ಪಕ್ಷದ ಸಮವಸ್ತ್ರ ಹಾಕಿದ್ದ ಅನ್ನೋದನ್ನೂ ಮರೀಬಾರದು.

ಇನ್ನು ಬಾವಿಯ ರಾಕೆಟ್‌ಗಳು. ಅಳತೆ ಹೇಳ್ತವೆ, ತೂಕ ಹೇಳ್ತವೆ, ಒಳಗಿನ ಮದ್ದು ಏನು ಅಂತ ಹೇಳ್ತವೆ. ಸಾವಿರ ರಾಕೆಟ್ ಬಾವಿಗೆ ಹಾಕಿದ್ದು ಯಾರು? ಓಡುವಾಗ ಎಸೆದ್ರಾ, ಬಚ್ಚಿಟ್ರಾ? ಬಡಿದು ತಯಾರಿಸಿದ ಕಮ್ಮಾರ ಯಾರು? ಅದನ್ನು ಕಬ್ಬಿಣ ಹೇಳಲ್ಲ. ಬರೆಯೋರು ಯಾರೂ ಇಲ್ಲದಿದ್ರೆ ಎಂಥ ಆಯುಧವೂ ಬರೀ ತುಕ್ಕು.

———

ಭಾಗ 8/10
ಫೋಟೋ: ಕುಮುದ್ವತಿ, ಮಳೆಗಾಲ

ನಮ್ಮ ಊರಿನ ಹೆಸರು ಮೊದಲು ಶಿಕಾರಿಪುರ ಅಲ್ಲ, ಮಳಿಯನಹಳ್ಳಿ, ಆಮೇಲೆ ಮಹಾದಾನಪುರ ಅಂತ ಗೆಜೆಟಿಯರ್ ಹೇಳುತ್ತೆ. ಶಿಕಾರಿ ಸೇರ್ಕೊಂಡಿದ್ದು ಹೈದರ್, ಟಿಪ್ಪು ಕಾಲಕ್ಕೆ.

1799ರಲ್ಲಿ ಇಲ್ಲಿ ಬೇರೆ ತರದ ಶಿಕಾರಿ ನಡೀತು. ಧೋಂಡಿಯಾ ವಾಘ್. ಚನ್ನಗಿರಿಯಲ್ಲಿ ಹುಟ್ಟಿದವನು. ಹೈದರನ ಕುದುರೆ ಸವಾರ, ಆಮೇಲೆ ಸ್ವಂತ ದಂಡು ಕಟ್ಟಿದವನು, ಕೊನೆಗೆ ಟಿಪ್ಪುವಿನ ಸೆರೆಮನೆಯಲ್ಲಿ ಸಂಕೋಲೆ. ಟಿಪ್ಪು ಸತ್ತ ದಿನಗಳಲ್ಲಿ ಹೊರಗೆ ಬಂದು, ಕೆಲಸ ಕಳ್ಕೊಂಡ ಸೈನಿಕರನ್ನು ಸೇರಿಸಿ ನಮ್ಮ ಈ ಬಿದನೂರು ಸೀಮೆಯನ್ನು ಹಿಡಿದ. ಆಗಸ್ಟಲ್ಲಿ ಶಿಕಾರಿಪುರದ ಹತ್ತಿರ ಬ್ರಿಟಿಷ್ ತುಕಡಿ ಅವನ ದಂಡನ್ನು ಮುರೀತು. ಅವನು ಹೊಳೆ ದಾಟಿ ಮರಾಠ ಸೀಮೆಗೆ ತಪ್ಪಿಸ್ಕೊಂಡ. ಮುಂದಿನ ವರ್ಷ ಮತ್ತೆ ಎದ್ದ. ಆರ್ಥರ್ ವೆಲ್ಲೆಸ್ಲಿ, ಅದೇ ಆಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು, ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಹತ್ತಿರ ಕೊಂದ. ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್‌ನನ್ನು ವೆಲ್ಲೆಸ್ಲಿಯೇ ಸಾಕಿಸಿದ.

ಇದೆಲ್ಲ ನಮಗೆ ಹೇಗೆ ಗೊತ್ತು? ವೆಲ್ಲೆಸ್ಲಿಯ ಪತ್ರಗಳಿಂದ, ಕಂಪನಿ ಅಧಿಕಾರಿಗಳ ಪುಸ್ತಕಗಳಿಂದ. ಅವುಗಳಲ್ಲಿ ಅವನು ದರೋಡೆಗಾರ. ಈಗಿನ ಎಷ್ಟೋ ಪುಸ್ತಕಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಅವನ ದಂಡಲ್ಲಿದ್ದ ಶಿಕಾರಿಪುರದ ಒಬ್ಬ ಸವಾರ, ಇಲ್ಲಾ ಅವರಿಂದ ಹುಲ್ಲು, ಭತ್ತ ಕಳ್ಕೊಂಡ ಒಬ್ಬ ರೈತ ನಾಲ್ಕು ಸಾಲು ಬರೆದಿಟ್ಟಿದ್ರೆ ಎಷ್ಟು ಚೆನ್ನಾಗಿತ್ತು!

ಇದೇ ತಾಲ್ಲೂಕಿನ ಈಸೂರನ್ನು ನೆನಪು ಮಾಡ್ಕೊಳ್ಳಿ. 1942ರ ಸೆಪ್ಟೆಂಬರಲ್ಲಿ ಊರು ತಿರುಗಿಬಿದ್ದಾಗ ಅಮಲ್ದಾರ್, ಪೊಲೀಸ್ ಅಧಿಕಾರಿ ಇಬ್ಬರೂ ಸತ್ತರು. 1943ರ ಮಾರ್ಚಲ್ಲಿ ಊರಿನ ಐವರಿಗೆ ಗಲ್ಲಾಯ್ತು: ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಸರ್ಕಾರಿ ಕಡತಕ್ಕೆ ಅವರು ಅಪರಾಧಿಗಳು. ಊರು ಅವರನ್ನು ಹುತಾತ್ಮರು ಅಂತ ನೆನಪಿಟ್ಕೊಂಡಿದೆ. ಈಸೂರಿನ ಸ್ಮಾರಕ ನನಗೆ ನಮ್ಮ ತಾಲ್ಲೂಕಿನ ಕೊನೆಯ ವೀರಗಲ್ಲು ಅನ್ಸುತ್ತೆ.

———

ಭಾಗ 9/10
ಫೋಟೋ: ಹಿಮ

ಈಗ ನಮ್ಮ ಕಾಲಕ್ಕೆ ಬರೋಣ.

2016ರ ಫೆಬ್ರವರಿ 3, ಸಿಯಾಚಿನ್. ಹಿಮಪಾತದಲ್ಲಿ ಹತ್ತು ಸೈನಿಕರು ಮುಚ್ಚಿಹೋದ್ರು. ಆರು ದಿನಗಳ ನಂತರ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಿದ್ರು. ಇಡೀ ಕರ್ನಾಟಕ ಟಿವಿ ಮುಂದೆ ಕೂತು ಪ್ರಾರ್ಥನೆ ಮಾಡ್ತು. ನಾವು ಆಗ ಪ್ರೈಮರಿ ಸ್ಕೂಲು, ಪ್ರೇಯರ್‌ನಲ್ಲಿ ಅವರಿಗಾಗಿ ಮೌನ ನಿಂತಿದ್ದು ನೆನಪಿದೆ. ಫೆಬ್ರವರಿ 11ಕ್ಕೆ ಅವರು ಹೋದ್ರು.

ಒಂದೆರಡು ವಾರದಲ್ಲಿ ಕ್ಯಾಮೆರಾಗಳು ಬೇರೆ ಕಡೆ ತಿರುಗಿದ್ವು. ಆದ್ರೆ ಯಾರೂ ಜಾಸ್ತಿ ಶೇರ್ ಮಾಡದ ಒಂದು ವರದಿ 2020ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂತು. ಮಹಾಲೇಖಪಾಲರದ್ದು, ಅಂದ್ರೆ ಸಿಎಜಿ. ಸಿಯಾಚಿನ್, ಲಡಾಖ್‌ನಂಥ ಎತ್ತರದಲ್ಲಿ ಕಾಯೋ ಸೈನಿಕರಿಗೆ ಹಿಮದ ಕನ್ನಡಕ, ಬೂಟು, ಬಟ್ಟೆ ಸರಿಯಾದ ಹೊತ್ತಿಗೆ ಖರೀದಿ ಆಗಿಲ್ಲ, ಕೊರತೆ ಇದೆ ಅಂತ ಅದರಲ್ಲಿತ್ತು. ಇದಕ್ಕೆ ಮ್ಯೂಸಿಕ್ ಹಾಕೋಕಾಗಲ್ಲ. ಆದ್ರೆ ಸೈನಿಕನಿಗೆ ಬೇಕಾದ ಸುದ್ದಿ ಇದೇ ಅಲ್ವಾ? ಅವನ ಕೈಯಲ್ಲಿ ಎಂಥ ರೈಫಲ್ ಇದೆ ಅನ್ನೋದರ ಜೊತೆಗೆ, ಅವನ ಕಾಲಲ್ಲಿ ಎಂಥ ಬೂಟು ಇದೆ ಅನ್ನೋದು.

"ಸೈನ್ಯದ ವಿಷಯ ಎಲ್ಲ ಬರೀಬಾರದು, ಗುಟ್ಟು ಇರುತ್ತೆ" ಅಂತೀರಾ? ಒಪ್ತೀನಿ. 2008ರ ಮುಂಬೈ ದಾಳಿಯಲ್ಲಿ ಟಿವಿ ಚಾನೆಲ್‌ಗಳು ಕಮಾಂಡೋ ಕಾರ್ಯಾಚರಣೆಯನ್ನು ಲೈವ್ ತೋರಿಸಿದ್ವು. ಬೆಂಗಳೂರಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟಿದ್ದು ಆ ಕಾರ್ಯಾಚರಣೆಯಲ್ಲೇ. ಲೈವ್ ಪ್ರಸಾರ ಕಮಾಂಡೋಗಳ ಜೀವಕ್ಕೇ ಅಪಾಯ ತಂದಿತ್ತು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳ್ತು. 2015ರಲ್ಲಿ ನಿಯಮವೇ ಬಂತು: ಭಯೋತ್ಪಾದಕರ ವಿರುದ್ಧ ಕಾರ್ಯಾಚರಣೆ ನಡೀತಿರುವಾಗ ಲೈವ್ ಇಲ್ಲ, ಅಧಿಕಾರಿ ಕೊಡೋ ಮಾಹಿತಿ ಮಾತ್ರ.

ಸರಿಯಾದ ಮಾತು. ಕಾಳಗ ನಡೀತಿರುವಾಗ ಬಾಯಿ ಮುಚ್ಚಬೇಕು. ಮುಗಿದ ಮೇಲೆ ಕೇಳಬೇಕು. ವೀರಗಲ್ಲು ಕೆತ್ತೋನೂ ಬಾಣ ಹಾರ್ತಿರುವಾಗ ಉಳಿ ಹಿಡ್ಕೊಂಡು ಹೋಗ್ತಿರಲಿಲ್ಲ. ದನ ವಾಪಸ್ ಬಂದ ಮೇಲೆ, ಹೆಣ ಸುಟ್ಟ ಮೇಲೆ, ಯಾರು ಸತ್ರು, ಅವರ ಮನೆಗೆ ಏನು ಕೊಟ್ರು ಅಂತ ಕೇಳಿ ಕೆತ್ತುತ್ತಿದ್ದ.

ಎರಡು ಕಡೆಯ ತಪ್ಪೂ ನಮಗೆ ಗೊತ್ತಿದೆ. ಹೇಳಬಾರದ ಹೊತ್ತಲ್ಲಿ ಕೂಗೋದು ಒಂದು. ಕೇಳಬೇಕಾದ ಹೊತ್ತಲ್ಲಿ ಸುಮ್ಮನಿರೋದು ಇನ್ನೊಂದು.

———

ಭಾಗ 10/10
ಫೋಟೋ: ನಮ್ಮ ಅಜ್ಜಿ ಊರಿನ ಕಲ್ಲು

ಕೊನೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ.

ಅಜ್ಜಿ ಊರಲ್ಲಿ ಕೆರೆ ಏರಿ ಪಕ್ಕ ಒಂದು ವೀರಗಲ್ಲು ಇತ್ತು. ಬೇಸಿಗೆ ರಜೆಯಲ್ಲಿ ನಮಗೆ ಅದು ವಿಕೆಟ್. ಚೆಂಡು ಬಡಿದ್ರೆ ಔಟ್, ತಕರಾರೇ ಇಲ್ಲ. ಇದ್ದಿಲಲ್ಲಿ ಅದರ ಮೇಲೆ ಸ್ಕೋರ್ ಬೇರೆ ಬರೀತಿದ್ವಿ. ಬಿಲ್ಲು ಹಿಡಿದವನ ಎದೆ ಮೇಲೆ ನಾನು ಎಷ್ಟು ಸಲ 50 ಅಂತ ಬರೆದಿದ್ದೀನೋ.

ಡಿಗ್ರಿಯಲ್ಲಿ ಇತಿಹಾಸ ತಗೊಂಡ ಮೇಲೆ ನೋಡೋಣ ಅಂತ ಹೋದೆ. ಅಷ್ಟರಲ್ಲಿ ರಸ್ತೆ ಅಗಲ ಮಾಡಿದ್ರು, ಕಲ್ಲು ಎರಡು ತುಂಡಾಗಿ ಚರಂಡಿ ಪಕ್ಕ ಬಿದ್ದಿತ್ತು. ಯಾರನ್ನೋ ಬೈಯೋಕೆ ಈ ಪೋಸ್ಟ್ ಅಲ್ಲ. ನಾವೇ ಅದನ್ನು ಕಲ್ಲು ಅಂದ್ಕೊಂಡಿದ್ವಿ, ಜೆಸಿಬಿಯವನಿಗೆ ಹೇಗೆ ಗೊತ್ತಾಗಬೇಕು?

ಮಾವನ ಜೊತೆ ಸೇರಿ ಎರಡೂ ತುಂಡನ್ನು ದೇವಸ್ಥಾನದ ಕಟ್ಟೆಗೆ ತಂದಿಟ್ವಿ. ನೀರು ಹಾಕಿ ಮೆಲ್ಲಗೆ ತೊಳೆದು, ಸಂಜೆ ಓರೆ ಬಿಸಿಲಲ್ಲಿ ಫೋಟೋ ತೆಗೆದು ನಮ್ಮ ಸರ್‌ಗೆ ಕಳಿಸಿದೆ. ಅವರು ಓದಿದಷ್ಟು ಹೇಳಿದ್ರು. ಊರಿನ ಹೆಸರು ಇದೆ. ತುರು ಅನ್ನೋ ಪದ ಇದೆ. ಕಲ್ಲು ನಿಲ್ಲಿಸಿದ್ದು ತಮ್ಮ ಅಂತ ಇದೆ.

ಒಡೆದಿರೋದು ಸರಿಯಾಗಿ ಸತ್ತವನ ಹೆಸರಿರೋ ಜಾಗದಲ್ಲಿ.

ಅಣ್ಣನ ಹೆಸರು ಉಳೀಲಿ ಅಂತ ತಮ್ಮ ಕಲ್ಲು ಹಾಕಿಸಿದ. ಅದು ನೂರಾರು ವರ್ಷ ಮಳೆ ಗಾಳಿ ತಡ್ಕೊಂಡು ನಿಂತಿತ್ತು. ನಮ್ಮ ಕಾಲಕ್ಕೆ ಹೋಯ್ತು.

ಹಾಗಾಗಿ ಎರಡು ಕೆಲಸ ಕೇಳ್ತೀನಿ.

ಒಂದು: ನಿಮ್ಮೂರಲ್ಲಿ ವೀರಗಲ್ಲು ಇದ್ರೆ ಹೋಗಿ ನೋಡಿ. ಬಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ಬ್ರಶ್ಶಲ್ಲಿ ಉಜ್ಜಬೇಡಿ. ಬೆಳಗ್ಗೆ ಇಲ್ಲಾ ಸಂಜೆ, ಬಿಸಿಲು ಓರೆಯಾಗಿ ಬೀಳೋವಾಗ ಫೋಟೋ ತೆಗೀರಿ, ಅಕ್ಷರ ಚೆನ್ನಾಗಿ ಕಾಣುತ್ತೆ. ರಸ್ತೆ ಕೆಲಸ, ಕಟ್ಟಡ ಕೆಲಸ ಬರ್ತಿದ್ರೆ ಪಂಚಾಯ್ತಿಗೆ, ಶಿವಮೊಗ್ಗದ ಪುರಾತತ್ವ ಇಲಾಖೆಗೆ ಮೊದಲೇ ತಿಳಿಸಿ.

ಎರಡು: ಇನ್ನೊಂದು ಕಮಾಂಡೋ ರೀಲ್ ಬಂದಾಗ ಖುಷಿಯಾಗಿ ನೋಡಿ, ನಾನೂ ನೋಡ್ತೀನಿ. ಶೇರ್ ಮಾಡೋ ಮುಂಚೆ ಆ ನಾಲ್ಕು ಪ್ರಶ್ನೆ ಕೇಳಿ. ಹೇಳ್ತಿರೋದು ಯಾರು? ಅನ್ನ ಹಾಕಿದ್ದು ಯಾರು? ಕಂಡಿದ್ದಾ, ಕೇಳಿದ್ದಾ? ಸತ್ತವರ ಹೆಸರು ಇದೆಯಾ?

ಬೆಳಗ್ಗೆ ಐದಕ್ಕೆ ಓಡ್ತಿರೋ ನಮ್ಮ ಇಬ್ಬರು ಗೆಳೆಯರು ನಾಳೆ ಆ ಡ್ರೆಸ್ ಹಾಕ್ತಾರೆ. ಅವರ ಬಗ್ಗೆ ಬರೆಯೋರು ಬಂದೂಕಿನ ಮಾಡೆಲ್ ನಂಬರ್ ಒಂದನ್ನೇ ಬರೆದು ಸುಮ್ಮನಾಗಬಾರದು. ಅವರ ಬೂಟು ಸರಿ ಇದೆಯಾ, ಅಮ್ಮಂಗೆ ಫೋನ್ ಮಾಡೋಕೆ ಆಗ್ತಿದೆಯಾ, ನಾಲ್ಕು ವರ್ಷ ಆದ್ಮೇಲೆ ಕೆಲಸ ಸಿಕ್ತಾ ಅಂತಾನೂ ಕೇಳಿ ಬರೀಬೇಕು.

ನಿಮ್ಮೂರಿನ ಕಲ್ಲಿನ ಫೋಟೋ ಕಳಿಸಿ, ಊರಿನ ಹೆಸರು ಮರೀಬೇಡಿ. ಓದೋಕೆ ಬರೋ ಅಕ್ಷರ ಇದ್ರೆ ಎಲ್ಲ ಸೇರಿ ಓದೋಣ 🙏

#ಶಿಕಾರಿಪುರ #ಸೊರಬ #ತಾಳಗುಂದ #ಬಳ್ಳಿಗಾವಿ #ಈಸೂರು #ವೀರಗಲ್ಲು #ನಮ್ಮಇತಿಹಾಸ #ಮಲೆನಾಡು